ಮಲಗಿ ನೋಡುವ ಸಿನಿಮಾ

ಮಾರ್ಚ್ 4, ಮಂಗಳವಾರ

ಇವತ್ತು ಬಾಗಿಲಿಗೆ ಅಗಳಿ ಹಾಕಿಬಿಟ್ಟೆ. ಯಾರು ಬೇಕಾದರೂ ಬಡಿದುಕೊಳ್ಳಲಿ. ರೋಗಿಯನ್ನು ನೋಡಲು ಬರುವವರು ಬಾಳೆಹಣ್ಣು ತರುತ್ತಾರೆ, ಜೊತೆಗೊಂದು ಕಥೆಯನ್ನೂ ತರುತ್ತಾರೆ. ಅವರ ಷಡ್ಡಕನೂ ಹೀಗೇ ಬಿದ್ದಿದ್ದನಂತೆ, ಆಮೇಲೆ ಏಳಲೇ ಇಲ್ಲವಂತೆ. ನಮ್ಮ ಮನೆಯವರ ತಲೆದಿಂಬಿನ ಪಕ್ಕದಲ್ಲೇ ಕೂತು ಹೇಳುತ್ತಾರೆ! ಬೆನ್ನಿಗೆ ಪೆಟ್ಟಾಗಿದೆ, ಕಿವಿಗಲ್ಲ ಎನ್ನುವುದು ಈ ಜನಕ್ಕೆ ಹೊಳೆಯುವುದಿಲ್ಲ.

ಊರಾಚೆ ಕರೂರಿನ ಫ್ಯಾಕ್ಟರಿಯಲ್ಲಿ ಶೆಡ್ಡಿನ ತಗಡು ಸರಿಮಾಡಲು ಹತ್ತಿ ಇವರು ಬಿದ್ದು ಎರಡು ವಾರವಾಯಿತು. ಬೆನ್ನುಮೂಳೆ ಬಿರುಕು ಬಿಟ್ಟಿದೆ. ಆಪರೇಷನ್ ಬೇಡ, ತಾನೇ ಕೂಡಿಕೊಳ್ಳುತ್ತದೆ, ಆದರೆ ಎಂಟು ವಾರ ಅಂಗಾತ ಮಲಗಿರಬೇಕು ಎಂದಿದ್ದಾರೆ ಡಾಕ್ಟರು. ಎದ್ದು ಕೂತರೆ ಮೂಳೆ ಜರುಗಿ ನರಕ್ಕೆ ಒತ್ತುತ್ತದೆ, ಕಾಲು ಹೋಗುತ್ತದೆ. ಇದನ್ನು ಅವರು ಇವರ ಮುಂದೆಯೇ, ನನ್ನ ಮುಂದೆಯೇ ಬಿಡಿಸಿ ಹೇಳಿದ್ದಾರೆ.

ಆದರೂ ಇವತ್ತು ನಲ್ಲಿಯಿಂದ ಕೊಡ ತಂದು ಇಳಿಸುವಷ್ಟರಲ್ಲಿ ಇವರು ಮೊಣಕೈ ಊರಿ ಅರ್ಧ ಎದ್ದಿದ್ದರು. ಕಿಟಕಿಯಾಚೆ ನೋಡಬೇಕಿತ್ತೋ ಏನೋ. ಏನಿದೆ ಅಲ್ಲಿ, ಎದುರು ಮನೆಯ ನೀರಿನ ಟ್ಯಾಂಕು! ಓಡಿಹೋಗಿ ಭುಜ ಹಿಡಿದು ಮಲಗಿಸಿದೆ. ಬೈದೆ. ಬೈಯುತ್ತಾ ಅಳು ಬಂತು, ಅದಕ್ಕೂ ಸೇರಿಸಿ ಬೈದೆ. ಇವರು ಆಸ್ಪತ್ರೆಯಿಂದ ಬಂದಾಗಿನಿಂದ ಹೂಂ, ಊಹೂಂ ಬಿಟ್ಟರೆ ಬಾಯಿಯೇ ಬಿಟ್ಟಿಲ್ಲ. ತಾರಸಿ ನೋಡುತ್ತಾ ಮಲಗಿರುತ್ತಾರೆ. ಹಸಿರು ಬಣ್ಣ, ಮಳೆಗಾಲದಲ್ಲಿ ಸೋರಿದ ಕಲೆ, ಒಂದು ಫ್ಯಾನು. ಎಷ್ಟು ಹೊತ್ತು ನೋಡಿಯಾರು?

ಇವರ ತಾಯಿ ಕುಕ್ಕುವಾಡದಿಂದ ಬಂದು ಕೂತಿದ್ದಾರೆ. ಸಹಾಯಕ್ಕಂತೆ. ಒಲೆಯ ಮುಂದೆ ಕೂತು ಅಳುವುದೇ ಸಹಾಯ.

ಮಾರ್ಚ್ 7, ಶುಕ್ರವಾರ

ಟಿ.ವಿ.ಯನ್ನು ಮಂಚದ ಕಾಲ ಕಡೆ ಇಟ್ಟೆ. ನೋಡಲು ಕತ್ತು ಎತ್ತುತ್ತಾರೆ, ಕತ್ತಿನ ಹಿಂದೆ ಬೆನ್ನೂ ಎದ್ದು ಬರುತ್ತದೆ. ತೆಗೆದೆ. ಮೊಬೈಲನ್ನು ಮುಖದ ಮೇಲೆ ಹಿಡಿದುಕೊಳ್ಳಿ ಎಂದೆ. ಕೈ ಸೋತು ಮೂಗಿನ ಮೇಲೇ ಬಿತ್ತು.

ಪಕ್ಕದ ಮನೆಯ ಗುಲ್ಷನಕ್ಕ ಬಾಗಿಲು ಬಡಿದರು. ತೆಗೆಯಲಿಲ್ಲ. ಹೋದ ಬೇಸಿಗೆಯಲ್ಲಿ ನೀರಿನ ಪಾಳಿಗಾಗಿ ನಮ್ಮಿಬ್ಬರಿಗೂ ಜಗಳವಾಗಿ, ಅಲ್ಲಿಂದ ಮಾತು ಅಷ್ಟಕ್ಕಷ್ಟೆ. ಆದರೆ ಆ ಹೆಂಗಸು ಕಿಟಕಿಗೇ ಬಂದು ನಿಂತಿತು.

"ಬಾಗ್ಲು ತೆಗೀಬ್ಯಾಡ ಬಿಡು. ಇಲ್ಲಿಂದ್ಲೇ ಹೇಳ್ತೀನಿ. ಹರಿಹರದಾಗೆ ನನ್ ತಮ್ಮ ಖಲೀಲ್ ಮದುವಿಗೆಲ್ಲಾ ಪ್ರೊಜೆಕ್ಟರ್ ಕೊಡ್ತಾನೆ. ಒಂದು ಹಳೇದು ಸುಮ್ನೆ ಬಿದ್ದೈತೆ. ಮಾಲತೇಶಣ್ಣ ಮ್ಯಾಲೇ ನೋಡ್ಬೇಕಲ್ಲ, ಸಿನಿಮಾನೇ ಮ್ಯಾಲೆ ಬಿಟ್ರೆ ಆತು!"

ತಾರಸಿಗೆ ಸಿನಿಮಾ! ನಮಗೇನೂ ಬೇಡ ಎಂದೆ. ಹಾಗಂದ ಮೇಲೆ ಬ್ಲೌಸಿನ ಕೈ ಹೊಲಿಯುತ್ತಾ ಮೂರು ಸಲ ತಪ್ಪಿದೆ. ತಲೆಯಲ್ಲಿ ಅದೇ ಓಡುತ್ತಿತ್ತು.

ಮಾರ್ಚ್ 9, ಭಾನುವಾರ

ಹೋಗಿ ಬಂದೆ. ಗುಲ್ಷನಕ್ಕನ ಜೊತೆಗೇ ಹರಿಹರದ ಬಸ್ಸು ಹತ್ತಿದೆ. ಅವರಿಗೆ ರೋಜಾ ಉಪವಾಸ, ಈ ಬಿಸಿಲಲ್ಲಿ ಒಂದು ಹನಿ ನೀರು ಕುಡಿಯುವಂತಿಲ್ಲ. ನನ್ನ ಚೀಲದಲ್ಲಿ ಬಾಟಲಿ ಇತ್ತು, ತೆಗೆಯಲು ಮನಸ್ಸಾಗಲಿಲ್ಲ. ಅವರೇ ನೋಡಿ, "ಕುಡಿಯೇ ಮಾರಾಯ್ತಿ, ನೀನು ಬಿದ್ರೆ ನಾನು ಇಬ್ರನ್ನ ಎತ್ಬೇಕು" ಎಂದರು. ನಗು ಬಂತು. ಯಾವಾಗ ನಕ್ಕಿದ್ದೆನೋ ನೆನಪಿಲ್ಲ.

ಖಲೀಲನ ಅಂಗಡಿ ಸೇತುವೆ ಕಡೆಯ ಓಣಿಯಲ್ಲಿದೆ. ಶಾಮಿಯಾನ, ಮೈಕು, ಕುರ್ಚಿಗಳ ಗುಡ್ಡೆ. ಒಳಗಿಂದ ಧೂಳು ಹಿಡಿದ ಡಬ್ಬಿ ತಂದು ಒರೆಸಿದ. "ಇದರಾಗೆ ನೀಲಿ ಬಣ್ಣ ಸ್ವಲ್ಪ ಸೋತೈತೆ ಅಕ್ಕ. ನೆಟ್ಟಗೆ ನಿಲ್ಲಿಸಿ ಮ್ಯಾಲೆ ಮುಖ ಮಾಡಿದ್ರೆ ಕಾಯ್ತೈತೆ. ಮಲಗಿಸಿ ಇಡ್ರಿ, ಮುಂದೆ ಒಂದು ಕನ್ನಡಿ ಓರೆ ಇಟ್ರೆ ಬೆಳಕು ಮ್ಯಾಲೆ ಹೋಗ್ತೈತೆ" ಎಂದ. ಬಾಡಿಗೆ ಏನಪ್ಪಾ ಎಂದು ಕೇಳಿದೆ. "ಅಣ್ಣ ತಾನೇ ನಡ್ಕೊಂಡು ಬಂದು ವಾಪಸ್ ಕೊಡ್ಲಿ, ಅದೇ ಬಾಡಿಗೆ" ಎಂದುಬಿಟ್ಟ.

ಬಸ್ಸಿನಲ್ಲಿ ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಣ್ಣು ತುಂಬುತ್ತಿತ್ತು. ಧೂಳಿಗೆ ಇರಬೇಕು.

ಮಾರ್ಚ್ 10, ಸೋಮವಾರ

ಮಾತಾಡಿದರು!

ಬಟ್ಟೆ ಹೊಲಿಸಲು ಬರುವ ಗಿರಾಕಿಗಳಿಗೆ ಇಟ್ಟಿದ್ದ ಕನ್ನಡಿ ತಂದು ಇಟ್ಟಿಗೆಗೆ ಒರಗಿಸಿದೆ. ಕಿಟಕಿಗೆ ಕಂಬಳಿ ಮುಚ್ಚಿ ಪ್ರೊಜೆಕ್ಟರ್ ಹಚ್ಚಿದೆ. ತಾರಸಿಯ ಮೇಲೆ ಚಿತ್ರ ಬಂತು. ಹಸಿರು ಬಣ್ಣದ ಮೇಲೆ ಹಸಿರು ಮನುಷ್ಯರು, ನಟ್ಟನಡುವೆ ಫ್ಯಾನಿನ ನೆರಳು, ಸೋರಿದ ಕಲೆ ಯಾರದೋ ಕೆನ್ನೆ ಮೇಲೆ. ಇಷ್ಟಕ್ಕೆ ಹರಿಹರಕ್ಕೆ ಹೋದೆನಾ ಅನ್ನಿಸಿ ಆರಿಸಲು ಹೋದೆ. ಆಗ ಮಂಚದಿಂದ ದನಿ ಬಂತು.

"ಸೊಟ್ಟ ಐತೆ."

ಏನ್ರಿ ಅಂದೆ.

"ಚಿತ್ರ ಸೊಟ್ಟ ಐತೆ. ಒಂದ್ಕಡೆ ಅಗಲ, ಒಂದ್ಕಡೆ ಸಣ್ಣ. ಕನ್ನಡಿ ಸ್ವಲ್ಪ ಎಬ್ಬಿಸು. ಅಷ್ಟಲ್ಲ. ಇಳಿಸು. ಹಾಂ, ಅಲ್ಲೇ."

ಇಷ್ಟು ದಿನದ ಮೇಲೆ ಮೊದಲ ಮಾತು ನನ್ನ ಕೆಲಸದಲ್ಲಿ ತಪ್ಪು ಹುಡುಕುವುದು. ಫ್ಯಾಕ್ಟರಿಯ ಫಿಟ್ಟರ್ ಅಲ್ಲವೇ! ಅಪ್ಪಿಕೊಳ್ಳಲೋ ಬೈಯಲೋ ತಿಳಿಯಲಿಲ್ಲ. ಕನ್ನಡಿ ಎಬ್ಬಿಸಿದೆ, ಇಳಿಸಿದೆ. ಅವರು ಹೇಳಿದಷ್ಟು ಸಲವೂ ಮಾಡಿದೆ. ಕೊನೆಗೆ, "ಬರೇ ತಾರಸಿಗೆ ಆಗಲ್ಲ. ಫ್ಯಾನ್ ಇಳಿಸಿ ಬಿಳೀ ಪರದೆ ಬಿಗೀಬೇಕು" ಎಂದರು.

ಬಿಗಿಯುತ್ತೇನೆ. ಆಕಾಶ ಬೇಕೆಂದರೂ ಹೊಲಿದು ಬಿಗಿಯುತ್ತೇನೆ.

ಮಾರ್ಚ್ 12, ಬುಧವಾರ

ಎಂಥ ದಿನ. ಚೌಕಿಪೇಟೆಗೆ ಹೋಗಿ ಅಗಲ ಪನ್ನದ ದಪ್ಪ ಬಿಳಿ ಕಾಟನ್ ಕೇಳಿದೆ. ನಡುವೆ ಹೊಲಿಗೆ ಬಂದರೆ ಮುಖಗಳು ಸೀಳಿ ಕಾಣುತ್ತವೆ, ಅದಕ್ಕೇ ಅಗಲದ್ದೇ ಬೇಕು. ಅಂಗಡಿಯವನು ದನಿ ತಗ್ಗಿಸಿ, "ಮಣ್ಣು ಎಷ್ಟೊತ್ತಿಗ್ರಿ ಅಕ್ಕ?" ಎಂದ. ಹೆಣಕ್ಕೆ ಹೊದಿಸಲು ಎಂದುಕೊಂಡಿದ್ದ! "ಮಣ್ಣಿಗಲ್ಲಪ್ಪ, ಸಿನಿಮಾಕ್ಕೆ" ಎಂದೆ. ಪಾಪ, ನನಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ಇನ್ನೂ ಒಂದು ಗೇಣು ಹೆಚ್ಚಿಗೆ ಹರಿದುಕೊಟ್ಟ.

ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮನೆಗೆ ಬಂದು ಬಟ್ಟೆ ಬಿಚ್ಚಿ, ಉದ್ದಗಲ ಸರಿಯಿದೆಯಾ ನೋಡೋಣವೆಂದು ಮಂಚದ ಈ ತುದಿಯಿಂದ ಆ ತುದಿಗೆ, ಇವರ ಮೇಲೇ ಹರಡಿದೆ. ಅಷ್ಟೊತ್ತಿಗೆ ಅತ್ತೆ ಒಳಗಿಂದ ಬಂದರು.

ಅವರು ಕೂಗಿದ ಕೂಗು ಇಡೀ ನಿಟ್ಟುವಳ್ಳಿಗೆ ಕೇಳಿರಬೇಕು. "ಯವ್ವಾ! ಮಲಗಿದೋನ ಮ್ಯಾಲೆ ಬಿಳೀ ಅರಿವೆ ಎಳೀತೀಯಲ್ಲೇ! ನನ್ ಮಗ ಇನ್ನೂ ಅದಾನೆ!"

"ಅದಾರೆ ಅಂತ್ಲೇ ತಂದೀನಿ! ಅವರು ಇರ್ಲಿ ಅಂತ್ಲೇ ತಂದೀನಿ!" ನಾನೂ ಕೂಗಿದೆ.

ಅವರು ಬಟ್ಟೆಯನ್ನು ಬಾಚಿ ಎದೆಗವಚಿಕೊಂಡು, ಬರಿಗಾಲಲ್ಲಿ ಹೊರಗೆ ಹೋಗಿಬಿಟ್ಟರು. ಎಲ್ಲಿ ಎಸೆಯುತ್ತಾರೋ ಎಂದು ಕಾದೆ. ಹಿಂದೆಯೇ ಹೋಗೋಣವೆಂದರೆ ಇವರನ್ನು ಬಿಟ್ಟು ಹೋಗುವಂತಿಲ್ಲ. ಇವರು ಮಾತ್ರ, "ಬರ್ತಾಳೆ ಬಿಡು" ಎಂದರು.

ಹೊತ್ತು ಮುಳುಗುವ ಮುಂಚೆ ಬಂದರು. ಬಟ್ಟೆ ಬಗಲಲ್ಲೇ ಇತ್ತು. ದುಗ್ಗಮ್ಮನ ಗುಡಿಗೆ ಹೋಗಿ, ಪಾದಕ್ಕೆ ಮುಟ್ಟಿಸಿ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಸಿ ತಂದಿದ್ದಾರೆ. "ಈಗ ಇದು ಮಂಗಳದ ಅರಿವೆ. ಏನಾರ ಮಾಡ್ಕೋ" ಎಂದರು. ಒಂದು ಮೂಲೆಗೆ ಮಾತ್ರ ಅಂಗೈಯಗಲ ಬಳಿದಿದ್ದರು. ತಾಯಿ ಕೈ, ಎಷ್ಟು ಹಚ್ಚಿದರೂ ಸಾಲದೆನ್ನಿಸಿರಬೇಕು. ಜಗಳಕ್ಕೆ ಸಿದ್ಧವಾಗಿದ್ದವಳು ಹೋಗಿ ಚಹಾ ಇಟ್ಟೆ.

ಮಾರ್ಚ್ 13, ಗುರುವಾರ

ಹಸಿರು ಇಣುಕಬಾರದೆಂದು ಎರಡು ಪದರ ಮಾಡಿ, ಅಂಚಿಗೆ ಲಾಡಿ ಹಾಕಿ ಹೊಲಿದೆ. ಖಲೀಲ್ ಹರಿಹರದಿಂದ ಬಂದು ಫ್ಯಾನ್ ಇಳಿಸಿ, ತಾರಸಿಗೆ ಕೊಂಡಿ ಹೊಡೆದು, ನೀರಿನ ಪೈಪಿನ ಚೌಕಟ್ಟು ಮಾಡಿಕೊಟ್ಟ. ಅದನ್ನು ನೆಲದ ಮೇಲಿಟ್ಟು ಬಟ್ಟೆ ಕಟ್ಟಿದರೆ ನಡುವೆ ತೊಟ್ಟಿಲ ಹಾಗೆ ಜೋತುಬಿತ್ತು. ನಾನು ಎಳೆದೆ, ಗುಲ್ಷನಕ್ಕ ಎಳೆದರು, ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸುಕ್ಕು.

"ಸರೀರಿ ಇಬ್ರೂ" ಎಂದು ಅತ್ತೆ ಕೂತರು. ಹಗ್ಗದ ಹೊರಸು ಹೆಣೆದ ಕೈ ಅದು. ಹಗ್ಗವನ್ನು ಪೈಪಿಗೆ ಸುತ್ತಿ, ಎದುರು ಅಂಚಿಗೆ ಒಯ್ದು, ಕಾಲಲ್ಲಿ ಒತ್ತಿ ಎಳೆದು, ಸುತ್ತ ಹೆಣೆದುಬಿಟ್ಟರು. ಬೆರಳಲ್ಲಿ ಬಡಿದರೆ ಡಬ್ ಎನ್ನುವಷ್ಟು ಬಿಗಿ. ಖಲೀಲ್ ಅದನ್ನೆತ್ತಿ ಕೊಂಡಿಗೆ ಸಿಕ್ಕಿಸಿದ. "ಇದರ ಮ್ಯಾಲೆ ನಾಲ್ಕು ಮಂದಿ ಮಲಗಬಹುದು" ಎಂದು ಗುಲ್ಷನಕ್ಕ ಹೇಳಿದ್ದಕ್ಕೆ ಅತ್ತೆ ಸೆರಗು ಬಾಯಿಗೆ ಒತ್ತಿ ನಕ್ಕರು. ನಮ್ಮತ್ತೆ ಕೊಟ್ರವ್ವನಿಗೆ ನಗಲೂ ಬರುತ್ತದೆ!

ಮಾರ್ಚ್ 16, ಭಾನುವಾರ

ಖಲೀಲ್ ಕೊಟ್ಟ ಪೆನ್‌ಡ್ರೈವಿನಲ್ಲಿ ಬರೀ ಮದುವೆಗಳು. ಯಾರದೋ ಮದುವೆ, ಎಲ್ಲಿಯದೋ ಊಟ. ಆದರೂ ತಲೆಯ ಮೇಲೆ ಅಷ್ಟು ದೊಡ್ಡದಾಗಿ, ಅಷ್ಟು ಬೆಳ್ಳಗೆ ಬಂದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಅರಿಶಿನದ ಮೂಲೆಯಲ್ಲಿ ಯಾರು ನಿಂತರೂ ಕಾಮಾಲೆಯವರ ಹಾಗೆ ಕಾಣುತ್ತಾರೆ, ಅಷ್ಟೆ.

ಅತ್ತೆ ಚಾಪೆಯ ಮೇಲೆ ಅಂಗಾತ ಮಲಗಿ ನೋಡುತ್ತಿದ್ದವರು ದಿಗ್ಗನೆ ಎದ್ದರು. "ಅಯ್ಯ, ಇದೆಂಥ ಮದುವೀನೇ! ಎಲ್ಲಾರೂ ಎಡಗೈಲಿ ಅಕ್ಕಿಕಾಳು ಹಾಕ್ತಾರೆ! ಆರತೀನೂ ತಿರುವು ಮುರುವು ಎತ್ತಾಕತ್ತಾರೆ! ಆರಿಸೇ, ಕೆಟ್ಟದ್ದು!"

ನೋಡಿದರೆ ಹೌದು. ಇಡೀ ಪಂಕ್ತಿ ಎಡಗೈಯಲ್ಲಿ ಊಟ ಮಾಡುತ್ತಿದೆ. ನನಗೆ ಗಾಬರಿ. ಮಂಚದ ಮೇಲಿಂದ ಗೊರಗೊರ ಎಂದು ಶಬ್ದ ಬಂತು. ಉಸಿರು ಸಿಕ್ಕಿತೆಂದು ಓಡಿದೆ. ನಗುತ್ತಿದ್ದರು. ಬೆನ್ನು ಅಲುಗಬಾರದೆಂದು ಹೊಟ್ಟೆ ಬಿಗಿಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ಕನ್ನಡಿ ಅವ್ವ, ಕನ್ನಡಿ! ಕನ್ನಡಿಯಾಗೆ ಎಡ ಬಲ ಅದಲು ಬದಲು. ಸುನೀತಾ, ಮೆನು ಒತ್ತು, ತಿರುಗಿಸೋದು ಇರ್ತೈತೆ ನೋಡು."

ಒತ್ತಿದೆ. ಮದುವೆ ನೆಟ್ಟಗಾಯಿತು. ಅತ್ತೆ ಮತ್ತೆ ಮಲಗಿದರು. ಆಮೇಲೆ ಯಾವುದೋ ಪಂಕ್ತಿಯಲ್ಲಿ ಕುಕ್ಕುವಾಡದ ಕಲ್ಲಪ್ಪನನ್ನು ಗುರುತು ಹಿಡಿದು, "ಎರಡನೇ ಸಲ ಊಟಕ್ಕೆ ಕುಂತಾನೆ, ಮೊದಲನೇ ಪಂಕ್ತಿಯಾಗೂ ಇದ್ದ" ಎಂದು ಹೆಸರಿಟ್ಟರು. ದೇವರೇ, ಈ ಡಬ್ಬಿಗೆ ನಿನ್ನ ಕೃಪೆ ಇರಲಿ.

ಮಾರ್ಚ್ 19, ಬುಧವಾರ

ಇವತ್ತು ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಬರೆಯಲು ಬೇರೇನೂ ಇಲ್ಲ. ಇದೇ ಸಾಕು.

ಮಾರ್ಚ್ 23, ಭಾನುವಾರ

ಇವರ ಜೊತೆ ಕೆಲಸ ಮಾಡುವ ರೇವಣ್ಣ ಬಂದಿದ್ದ. ಬರುತ್ತಲೇ ಮುಖ ಸಣ್ಣ ಮಾಡಿಕೊಂಡು, "ನಮ್ಮ ಓಣಿಯಾಗೂ ಒಬ್ರು ಹಿಂಗೇ..." ಎಂದು ಶುರುಮಾಡಿದ. ಅತ್ತೆ ಬಿಡಲಿಲ್ಲ. "ಕೂಡಬ್ಯಾಡಪ್ಪ, ಮಲಗು. ಇಲ್ಲಿ ಕುಂತು ನೋಡಿದ್ರೆ ಕತ್ತು ನೋಯ್ತೈತೆ" ಎಂದು ಚಾಪೆ ತೋರಿಸಿದರು. ಪಾಪ, ಇಸ್ತ್ರಿ ಅಂಗಿಯಲ್ಲೇ ಮಲಗಿದ. ಅಂಗಾತ ಮಲಗಿದ ಮನುಷ್ಯ ಇನ್ನೊಬ್ಬರ ಸಾವಿನ ಸುದ್ದಿ ಹೇಗೆ ಹೇಳುತ್ತಾನೆ! ಖಲೀಲ್ ಹೊಸದಾಗಿ ತುಂಬಿಕೊಟ್ಟ ಪಿಕ್ಚರ್ ಮುಗಿಯುವವರೆಗೂ ಬಿದ್ದುಕೊಂಡು, ಹೋಗುವಾಗ "ನಾಳೆ ಯಾವುದು?" ಎಂದು ಕೇಳಿದ.

ಈಗ ಬಂದವರಿಗೆಲ್ಲ ಚಾಪೆಯೇ. ನೋಡಲು ಬಂದವರು ಇವರ ಪಕ್ಕದಲ್ಲೇ ಸಾಲಾಗಿ ಮಲಗುತ್ತಾರೆ. ನಾನು ಅವರನ್ನು ದಾಟಿಕೊಂಡು ಚಹಾ ಕೊಡುತ್ತೇನೆ. ಅಗಳಿ ತೆಗೆದು ಹಾಕಿ ಕೈ ನೋಯುತ್ತದೆಂದು ಬಾಗಿಲು ತೆರೆದೇ ಇಟ್ಟಿದ್ದೇನೆ. ಹೊಲಿಗೆಯನ್ನು ಮತ್ತೆ ಪೂರಾ ಹಿಡಿದಿದ್ದೇನೆ. ಸಿನಿಮಾ ನೋಡಲು ಪುರುಸೊತ್ತಿಲ್ಲ, ಮಾತು ಮಾತ್ರ ಕಿವಿಗೆ ಬೀಳುತ್ತದೆ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್. ನಿನ್ನೆ ಇವರಿಗೆ ಮಲಗಿದಲ್ಲೇ ಎಣ್ಣೆ ಹಚ್ಚಿ ಮೈ ಒರೆಸಿ, ಬೇವು ಬೆಲ್ಲ ಬಾಯಿಗಿಟ್ಟೆವು. ಹೋಳಿಗೆ ಗುಲ್ಷನಕ್ಕನ ಮನೆಗೆ ಹೋಯಿತು. ಇವತ್ತು ಸುರ್ಕುಂಬಾ ಪಾಯಸ ನಮ್ಮ ಮನೆಗೆ ಬಂತು, ಹಿಂದೆಯೇ ಅವರ ಮನೆಯವರೆಲ್ಲ ಬಂದು ಮಲಗಿದರು. ಅತ್ತೆ ಸುರ್ಕುಂಬಾದಲ್ಲಿ ಶಾವಿಗೆಗಿಂತ ಗೋಡಂಬಿಯನ್ನೇ ಹುಡುಕಿ ಹುಡುಕಿ ತಿಂದರು.

ಬೆನ್ನು ಮುರಿದ ವರ್ಷದ ಹಬ್ಬ ಇಷ್ಟು ಚೆನ್ನಾಗಿ ಆಗಬಹುದು ಎಂದು ಯಾರಾದರೂ ಹೇಳಿದ್ದರೆ ಅವರಿಗೂ ಬೈದಿರುತ್ತಿದ್ದೆ.

ಏಪ್ರಿಲ್ 6, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಅತ್ತೆ ಗುಡಿಗೆ ಹೋಗಿದ್ದರು. ನಾನು ಬ್ಲೌಸು ಕೊಡಲು ಹಿಂದಿನ ಬೀದಿಗೆ ಹೋಗಿದ್ದೆ. ಕಿಟಕಿಯ ಕಂಬಳಿ ಜಾರಿ ಪ್ರೊಜೆಕ್ಟರಿನ ಮೇಲೆ ಬಿದ್ದಿದೆ, ಸುಟ್ಟ ಕಮಟು ವಾಸನೆ ಬಂದಿದೆ. ಇವರು ತಂತಿ ಎಳೆಯಲು ಮಗ್ಗುಲಿಗೆ ಜರುಗಿದ್ದಾರೆ. ತಂತಿ ಕಿತ್ತು ಬಂದು ಡಬ್ಬಿ ಉಳಿದಿದೆ, ಇವರ ಅರ್ಧ ಮೈ ಮಾತ್ರ ಮಂಚದಿಂದ ಹೊರಗೆ. ಬಾಗಿಲು ತೆರೆದಿತ್ತಲ್ಲ, ಇವರ ಕೂಗಿಗೆ ಗುಲ್ಷನಕ್ಕ ಓಡಿಬಂದಿದ್ದಾರೆ. ನಾನು ಬಂದಾಗ ಅವರು ನೆಲಕ್ಕೆ ಮಂಡಿಯೂರಿ, ಇವರ ಭುಜ ಸೊಂಟ ಎರಡನ್ನೂ ತೋಳಲ್ಲಿ ಹೊತ್ತುಕೊಂಡು, ಅಲುಗದಂತೆ ಹಿಡಿದಿದ್ದರು.

ಇಬ್ಬರೂ ಸೇರಿ ಮಲಗಿಸಿದೆವು. "ಎಡಗಾಲು ಜುಮ್ ಅಂತೈತೆ. ಬೆರಳು ಗೊತ್ತಾಗವಲ್ದು" ಎಂದರು ಇವರು.

ನನ್ನ ಬಾಯಿಗೆ ಬೆಂಕಿ ಬೀಳಲಿ. "ನಿಮ್ ತಮ್ಮನ ಗುಜರಿ ತಂದು ನಮ್ ಮನೀ ಹಾಳು ಮಾಡಿದ್ರಿ" ಎಂದೆ. ಯಾರಿಗೆ ಹೇಳಿದೆ, ಯಾವಾಗ ಹೇಳಿದೆ! ಗುಲ್ಷನಕ್ಕ ಮರಗಟ್ಟಿದ ಕೈ ಉಜ್ಜಿಕೊಳ್ಳುತ್ತಾ ಹೋದರು.

ಡಾಕ್ಟರು ಮನೆಗೇ ಬಂದು ನೋಡಿದರು. ಅಲುಗಿಸುವುದು ಬೇಡ, ಎಂಟು ವಾರ ಮುಗಿದು ಹದಿನಾರನೇ ತಾರೀಖು ಎಕ್ಸ್‌ರೇ ತೆಗೆದಾಗಲೇ ಗೊತ್ತಾಗುವುದು ಎಂದರು.

ಏಪ್ರಿಲ್ 7, ಸೋಮವಾರ

ಬೆಳಗ್ಗೆ ಗುಲ್ಷನಕ್ಕನ ಬಾಗಿಲಲ್ಲಿ ಹೋಗಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ದಾರಿಯೆಂದರೆ ಒಂದು ಗೋಡೆ ಅಷ್ಟೆ. ಬಾಯಿಗೆ ಬಂದದ್ದು, "ಚಾ ಐತೇನ್ರಿ ಅಕ್ಕ?"

"ಐತೆ. ಕೂಡು. ಬೈಯೋಳು ನೀನು, ಸುಮ್ನೆ ಕುಂತ್ರೆ ನನಗೇ ಹೆದ್ರಿಕೆ ಆಗ್ತೈತೆ" ಎಂದರು.

ಲೋಟ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ತಲೆ ಸವರಿದರು. ಅವರು ಹಿಡಿಯದೇ ಹೋಗಿದ್ದರೆ ಇವರು ನೆಲಕ್ಕೆ ಬೀಳುತ್ತಿದ್ದರು. ಇದನ್ನು ಅವರಿಗೆ ಹೇಳಿದೆ. ಹೇಳಿದ್ದೇನೆ, ಸದ್ಯ.

ಏಪ್ರಿಲ್ 11, ಶುಕ್ರವಾರ

ದಿನಾ ಇವರ ಎಡಗಾಲ ಹೆಬ್ಬೆರಳು ಮುಟ್ಟಿ ಗೊತ್ತಾಯಿತಾ ಎಂದು ಕೇಳುತ್ತೇನೆ. ಇವತ್ತು ಕೇಳುವ ಮುಂಚೆಯೇ, "ನಿನ್ ಕೈ ತಣ್ಣಗೈತೆ" ಎಂದರು.

ಒಳಗೆ ಹೋಗಿ ಅತ್ತೆಯನ್ನು ಅವ್ವಾ ಎಂದು ತಬ್ಬಿಕೊಂಡೆ. ಅವ್ವನ ಕೈಯೆಲ್ಲ ಹಿಟ್ಟು.

ಏಪ್ರಿಲ್ 16, ಬುಧವಾರ

ಆಸ್ಪತ್ರೆಯ ವ್ಯಾನಿನಲ್ಲಿ ಮಲಗಿಸಿಕೊಂಡೇ ಹೋದೆವು. ಮೂಳೆ ಕೂಡಿದೆ! ಜರುಗಿಲ್ಲ. ಸೊಂಟಕ್ಕೆ ಬೆಲ್ಟು ಕಟ್ಟಿ ಕೂರಿಸಿದರು, ಆಮೇಲೆ ಇಬ್ಬರು ಹಿಡಿದು ನಿಲ್ಲಿಸಿದರು. ನಾನು ಮರೆತೇಬಿಟ್ಟಿದ್ದೆ, ಇವರು ನನಗಿಂತ ಎತ್ತರ.

ಎಡಗಾಲು ಇನ್ನೂ ಸೋತಿದೆ. "ತಾನಾಗಿ ಹೆಜ್ಜೆ ಹಾಕ್ತಾರಾ ಸಾರ್?" ಎಂದು ಕೇಳಿದೆ. ಹೆದರಿಕೆ ಹೋಗಬೇಕು, ಆಮೇಲೆ ನೋಡೋಣ ಎಂದರು ಡಾಕ್ಟರು. ಮನೆಯಲ್ಲಿ ನನ್ನ ಭುಜ ಹಿಡಿದು ಮಂಚದಿಂದ ಕುರ್ಚಿಗೆ ಬರುತ್ತಾರೆ. ಭುಜ ಬಿಡಿ ಎಂದರೆ ಇನ್ನೂ ಬಿಗಿ ಹಿಡಿಯುತ್ತಾರೆ. ಬೆವರುತ್ತಾರೆ. ಒತ್ತಾಯ ಮಾಡಲಿಲ್ಲ.

ಏಪ್ರಿಲ್ 20, ಭಾನುವಾರ

ಅವ್ವ ಗುಲ್ಷನಕ್ಕನ ಜೊತೆ ಸಂತೆಗೆ ಹೋಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ಇವರು ಕುರ್ಚಿಯಲ್ಲಿ ಕೂತು, "ಸುನೀತಾ, ನೀನು ಒಂದು ಪಿಕ್ಚರೂ ನೋಡ್ಲಿಲ್ಲ. ಮಲಗು" ಎಂದರು.

"ಪಾತ್ರೆ ಅದಾವ್ರಿ."

"ಎಲ್ಲೀಗೂ ಓಡಿಹೋಗಲ್ಲ ಅವು. ಮಲಗು ಅಂದ್ನಲ್ಲ."

ಅವರ ಮಂಚದ ಮೇಲೆ ಅಂಗಾತ ಮಲಗಿದೆ. ಪರದೆ ಇಷ್ಟು ದೊಡ್ಡದು ಎಂದು ಗೊತ್ತೇ ಇರಲಿಲ್ಲ. ಹೊಲಿದವಳು ನಾನೇ, ಕೆಳಗಿನಿಂದ ನೋಡಿದವಳಲ್ಲ. ಶುರುವಿನ ಹೆಸರು ಬರುವವರೆಗೆ ನೋಡಿದ್ದು ನೆನಪಿದೆ. ಆಮೇಲೆ ಕಣ್ಣು ಎಳೆದುಬಿಟ್ಟಿತು.

ಎಚ್ಚರವಾದಾಗ ಪರದೆ ಬರೀ ಬಿಳಿ. ಕರೆಂಟು ಹೋಯಿತೇನೋ ಎಂದುಕೊಂಡೆ. ಆದರೆ ಟೇಬಲ್ ಫ್ಯಾನು ತಿರುಗುತ್ತಿತ್ತು. ನನ್ನ ಕಾಲಿನ ಮೇಲೆ ದುಪ್ಪಟಿ ಇತ್ತು. ಇವರು ಅದೇ ಕುರ್ಚಿಯಲ್ಲಿ, ಏನೂ ಆಗದವರ ಹಾಗೆ ಕೂತಿದ್ದರು. ಹಣೆಯಲ್ಲಿ ಬೆವರು.

"ಅವ್ವ ಬಂದ್ರಾ?"

"ಇಲ್ಲ."

"ಮತ್ತೆ ಗೋಡೆ ಸ್ವಿಚ್ ಯಾರು ಆರಿಸಿದ್ದು? ದುಪ್ಪಟಿ ಆ ಗೂಟದ ಮ್ಯಾಲಿತ್ತು."

ಮೀಸೆಯ ಕೆಳಗೆ ನಗು.

ಎದ್ದು ಕೂತೆ. ಬಾಯಿಗೆ ಬಂದಂತೆ ಬೈದೆ. ಬಿದ್ದಿದ್ದರೆ ಏನು ಗತಿ, ಬುದ್ಧಿ ಬೇಡವೇ, ಹಿಡಿಯಲು ಒಬ್ಬರೂ ಇರಲಿಲ್ಲವಲ್ಲ ಎಂದೆ. ಬೈಯುತ್ತಲೇ ದುಪ್ಪಟಿಯನ್ನು ಮುಖಕ್ಕೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟೆ. ಅವರು ಅಳು ಮುಗಿಯುವವರೆಗೆ ಕಾದರು.

"ನೀನು ಹಂಗೆ ಮಲಗಿದ್ದು ನೋಡಿ ಎಬ್ಬಿಸಾಕೆ ಮನ್ಸಾಗ್ಲಿಲ್ಲ" ಎಂದರು. "ಪಿಕ್ಚರ್ ಸದ್ದಿಗೆ ನಿನಗೆ ಎಚ್ಚರಾಗ್ತಿತ್ತು. ಅದಕ್ಕೇ ಹೋದೆ. ಹೋಗಿ ಬಂದ್ಮ್ಯಾಲೆ ಗೊತ್ತಾತು, ಹೋಗಿದ್ದೆ ಅಂತ."

"ನಾನು ನೋಡ್ಲಿಲ್ಲಲ್ರಿ" ಎಂದೆ. "ಇಷ್ಟು ದಿನ ಕಾದು, ಅದನ್ನೇ ನೋಡ್ಲಿಲ್ಲ."

ಅವರು ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಎದ್ದರು. ನಾನು ಹಿಡಿಯಲು ಕೈ ಚಾಚಿದೆ. ಬ್ಯಾಡ ಎನ್ನುವಂತೆ ತಲೆಯಾಡಿಸಿದರು. ಕೈ ಹಿಂದಕ್ಕೆ ಎಳೆದುಕೊಂಡು ಕೂತೆ. ಎಡಗಾಲನ್ನು ಸ್ವಲ್ಪ ಎಳೆಯುತ್ತ ಗೋಡೆಯವರೆಗೆ ಹೋದರು, ಗೋಡೆ ಮುಟ್ಟಿದರು, ತಿರುಗಿ ನನ್ನ ಕಡೆಗೆ ನಡೆದು ಬಂದರು.